ಎರಡನೇ ಸಾಲಿನ ಕೋಚ್

ಮಾಣಿ–ಮೈಸೂರು ಹೆದ್ದಾರಿಯಲ್ಲಿ ಸುಳ್ಯ ದಾಟಿ ಕಲ್ಲುಗುಂಡಿಗೆ ಬಂದರೆ ದಕ್ಷಿಣ ಕನ್ನಡ ಮುಗಿಯುತ್ತ ಬಂತು ಎಂದೇ ಲೆಕ್ಕ. ಘಾಟಿಯ ಕೆಳಗೆ ಕಬಡ್ಡಿ, ವಾಲಿಬಾಲ್. ಸಂಪಾಜೆ ಘಾಟಿ ಹತ್ತಿದರೆ ಹಾಕಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬ ತಂಡಗಳೊಂದಿಗೆ ಶುರುಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ 2024ರ ಹೊತ್ತಿಗೆ, ನಾಪೋಕ್ಲುವಿನಲ್ಲಿ, 360 ತಂಡಗಳು ಆಡಿದವು. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ ಎಂಬ ಹೆಸರುಗಳು ಘಾಟಿಯ ಎರಡೂ ಬದಿಯವರಿಗೆ ಗೊತ್ತು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ಭಾರತದ ಮಹಿಳಾ ತಂಡಕ್ಕೆ ಸಹಾಯಕ ಕೋಚ್ ಆಗಿದ್ದವರು ಕೊಡಗಿನ ಅಂಕಿತಾ ಬಿ.ಎಸ್. ಎಂಬುದು ಮಾತ್ರ ಅಷ್ಟಾಗಿ ಬಾಯಿಗೆ ಬರುವುದಿಲ್ಲ. ಆ ಹುದ್ದೆಯನ್ನು ನಾವು ಮುಖ್ಯ ಕೋಚ್ ಆಗುವ ತನಕ ಕಾಯುವ ಜಾಗ ಎಂದುಕೊಂಡಿದ್ದೇವೆ. ಅದು ಸ್ವತಂತ್ರ ಕಸುಬು, ಕಲಿತೇ ಮಾಡಬೇಕಾದ ಕೆಲಸ ಎಂಬುದು ನನ್ನ ವಾದ.

ಈ ಕಸುಬು ಚೆನ್ನಾಗಿ ಬೇರೂರಿರುವುದು ಅಮೆರಿಕದ ಕಾಲೇಜು ಐಸ್ ಹಾಕಿಯಲ್ಲಿ. (ನಮ್ಮಲ್ಲಿ ಐಸ್ ಹಾಕಿ ಎಂದರೆ ಬಹುಮಟ್ಟಿಗೆ ಲಡಾಖ್, ಚಳಿಗಾಲದಲ್ಲಿ ಕೆರೆ ಹೆಪ್ಪುಗಟ್ಟಿದರೆ ಅದೇ ಮೈದಾನ.) ಅಲ್ಲಿ ಸಹಾಯಕ ಕೋಚ್ ವಾರಾಂತ್ಯಗಳಲ್ಲಿ ಜೂನಿಯರ್ ಲೀಗ್ ಪಂದ್ಯಗಳಿಗೆ ಅಲೆದು ಹುಡುಗರನ್ನು ಗುರುತಿಸಬೇಕು, ಅವರ ಅಪ್ಪ ಅಮ್ಮನ ಜೊತೆ ಮಾತಾಡಬೇಕು. ಎದುರಾಳಿಯ ವಿಡಿಯೊ ಕತ್ತರಿಸಿ ಆಟಗಾರರಿಗೆ ತೋರಿಸುವುದೂ ಅವನ ಪಾಲಿಗೇ. ಪಂದ್ಯದ ಹೊತ್ತಿನಲ್ಲಿ ಸಾಮಾನ್ಯವಾಗಿ ಒಬ್ಬ ಸಹಾಯಕನಿಗೆ ರಕ್ಷಣಾ ಜೋಡಿಗಳ ಹೊಣೆ. ಒಂದು ಜೋಡಿ ಮಂಜಿನ ಮೇಲೆ ನಿಲ್ಲುವುದು ಮುಕ್ಕಾಲು ನಿಮಿಷದಷ್ಟು. ಅಷ್ಟರೊಳಗೆ ಮುಂದಿನ ಜೋಡಿಯ ಬೆನ್ನು ತಟ್ಟಿ ಎಬ್ಬಿಸಿರಬೇಕು. ತನ್ನ ಕಡೆಯವನೊಬ್ಬ ಎರಡು ನಿಮಿಷದ ಶಿಕ್ಷೆಗೆ ಹೊರಗೆ ಕೂತರೆ, ಐವರನ್ನು ನಾಲ್ವರು ತಡೆಯುವ ಲೆಕ್ಕಾಚಾರವೂ ಎಷ್ಟೋ ತಂಡಗಳಲ್ಲಿ ಅವನದೇ. ಯಕ್ಷಗಾನದಲ್ಲಿ ಭಾಗವತರ ಪಕ್ಕದ ಮದ್ದಳೆಗಾರನ ಹಾಗೆ, ಹೆಸರು ಇನ್ನೊಬ್ಬರದಾದರೂ ಇವನು ತಪ್ಪಿದರೆ ಕುಣಿತ ತಪ್ಪುತ್ತದೆ.

ಒಳ್ಳೆ ಆಟಗಾರನಾಗಿದ್ದವನಿಗೆ ಇದೆಲ್ಲ ತಾನಾಗಿ ಬರುವುದಿಲ್ಲವೇ ಎಂದು ಕೇಳಬಹುದು. ಡೆನ್ವರ್ ವಿಶ್ವವಿದ್ಯಾಲಯದ ಡೇವಿಡ್ ಕಾರ್ಲ್‌ರ ಕಥೆ ಇದಕ್ಕೆ ನೇರ ಉತ್ತರ. 2008ರಲ್ಲಿ ಅವರ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ ಪತ್ತೆಯಾಗಿ, ಕಾಲೇಜಿನಲ್ಲಿ ಒಂದು ಪಂದ್ಯವನ್ನೂ ಆಡದೆ ಆಟ ನಿಂತಿತು. ವಿಶ್ವವಿದ್ಯಾಲಯ ವಿದ್ಯಾರ್ಥಿವೇತನವನ್ನು ಹಿಂದಕ್ಕೆ ಪಡೆಯಲಿಲ್ಲ. ಹುಡುಗ ವಿದ್ಯಾರ್ಥಿ ಸಹಾಯಕನಾಗಿ ಬೆಂಚಿನ ಹಿಂದೆ ನಿಂತ. ಆಮೇಲೆ ಗ್ರೀನ್ ಬೇಯ ಜೂನಿಯರ್ ತಂಡದಲ್ಲಿ ಎರಡು ವರ್ಷ, 2014ರಿಂದ ಡೆನ್ವರ್‌ನಲ್ಲೇ ಸಹಾಯಕ. 2018ರಲ್ಲಿ ಆಗಿನ ಮುಖ್ಯ ಕೋಚ್ ಜಿಮ್ ಮಾಂಟ್ಗೊಮರಿ ವೃತ್ತಿಪರ ತಂಡಕ್ಕೆ ಹೊರಟಾಗ ಆ ಹುದ್ದೆ ಕಾರ್ಲ್‌ರಿಗೆ. 2022 ಮತ್ತು 2024ರಲ್ಲಿ ರಾಷ್ಟ್ರೀಯ ಪ್ರಶಸ್ತಿ. ಆಟದ ಅನುಭವ ಬೇಡವೆಂದಲ್ಲ. ನೋಡುವುದು, ಕಂಡದ್ದನ್ನು ಒಂದೇ ವಾಕ್ಯದಲ್ಲಿ ಇನ್ನೊಬ್ಬರಿಗೆ ದಾಟಿಸುವುದು ಆಟಕ್ಕಿಂತ ಬೇರೆಯೇ ವಿದ್ಯೆ. ನಮ್ಮ ಹಾಕಿಯಲ್ಲೂ ಮಧ್ಯಂತರ ಬಿಟ್ಟರೆ ಕ್ವಾರ್ಟರ್‌ಗಳ ನಡುವೆ ಎರಡೇ ನಿಮಿಷ ಬಿಡುವು. ಅಲ್ಲಿ ಭಾಷಣಕ್ಕೆ ಜಾಗವಿಲ್ಲ.

ಇನ್ನೊಂದು ತಕರಾರು ಹೆಚ್ಚು ಗಟ್ಟಿ: ಮುಖ್ಯ ಕೋಚ್ ಹೋದರೆ ಸಹಾಯಕನೂ ಗಂಟುಮೂಟೆ ಕಟ್ಟಬೇಕು, ಇಂಥ ಕೆಲಸವನ್ನು ಯಾರು ನಂಬುತ್ತಾರೆ? ಅಮೆರಿಕದಲ್ಲೂ ಇದು ನಿಜ. ಆದರೆ ತಂಡದ ಒಳಗುಟ್ಟು ಉಳಿಯುವುದೂ ಈ ಎರಡನೇ ಸಾಲಿನವರಲ್ಲೇ. ಟೋಕಿಯೊ ಮುಗಿದೊಡನೆ ಭಾರತದ ಮಹಿಳಾ ತಂಡದ ಮುಖ್ಯ ಕೋಚ್ ಶೋರ್ಡ್ ಮರೈನ್ ಹೊರಟಾಗ, ಅವರ ಬಳಿ ವಿಶ್ಲೇಷಣಾ ಕೋಚ್ ಆಗಿದ್ದ ಯಾನೆಕ್ ಶೋಪ್ಮನ್ ಮುಖ್ಯ ಕೋಚ್ ಆದರು. ಮುಂದಿನ ವರ್ಷ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಅದೇ ತಂಡಕ್ಕೆ ಕಂಚು ಬಂತು. ಹೊಸಬರು ಬಂದಿದ್ದರೆ ಆಟಗಾರ್ತಿಯರ ಹೆಸರು ಕಲಿಯುವುದರಲ್ಲೇ ಮೊದಲ ಶಿಬಿರ ಕಳೆಯುತ್ತಿತ್ತು.

ಕೊಡಗಿನಲ್ಲಿ ಹಾಕಿ ರಕ್ತದಲ್ಲೇ ಇದೆ, ಅಲ್ಲಿ ಕೋಚ್ ಯಾಕೆ ಎನ್ನುವವರಿದ್ದಾರೆ. ಕೌಟುಂಬಿಕ ಹಾಕಿಯ ಮಟ್ಟಿಗೆ ಆ ಮಾತು ಸರಿ. ಅದು ಊರಹಬ್ಬ, ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡುವುದೇ ಅದರ ಚೆಂದ. ಆದರೆ ಮಗು ಮುಂದಕ್ಕೆ ಹೋಗಬೇಕೆಂದರೆ ಮನೆಯವರು ಹುಡುಕುವುದು ಕೂಡಿಗೆಯ ಕ್ರೀಡಾಶಾಲೆಯನ್ನು, ಪೊನ್ನಂಪೇಟೆಯ, ಮಡಿಕೇರಿಯ ಹಾಸ್ಟೆಲ್‌ಗಳನ್ನು, ಅಂದರೆ ಕಲಿಸುವವರಿರುವ ಜಾಗವನ್ನು. ರಕ್ತದ ಮಾತು ಅಲ್ಲಿಗೆ ಮುಗಿಯಿತು.

ಘಾಟಿಯ ಕೆಳಗಿನ ನಮ್ಮ ಕಾಲೇಜುಗಳಲ್ಲಿ ಈ ಹುದ್ದೆಯ ಕಲ್ಪನೆಯೇ ಇಲ್ಲ. ಇರುವುದು ದೈಹಿಕ ಶಿಕ್ಷಣ ನಿರ್ದೇಶಕರು. ಟ್ರ್ಯಾಕಿಗೆ ಸುಣ್ಣ ಎಳೆಸುವುದು, ಅಂತರ ಕಾಲೇಜು ಕೂಟದ ಅರ್ಹತಾ ಪತ್ರ ತುಂಬುವುದು, ಹಾಜರಾತಿ ಕೊಡಿಸುವುದು, ಕಬಡ್ಡಿಯಿಂದ ಚೆಸ್‌ವರೆಗೆ ಎಲ್ಲಕ್ಕೂ ತಂಡ ಆರಿಸುವುದು ಅವರೊಬ್ಬರೇ. ಎರಡನೆಯವರಿಗೆ ಹಣವೆಲ್ಲಿ ಎಂಬ ಪ್ರಶ್ನೆ ಸಕಾರಣವಾದದ್ದೇ. ಪ್ರತಿ ಕಾಲೇಜಿಗೂ ಒಬ್ಬರು ಬೇಕೆಂದು ನಾನು ಹೇಳುತ್ತಿಲ್ಲ. ಪುತ್ತೂರು, ಸುಳ್ಯ, ಕಡಬದ ಮೂರು ನಾಲ್ಕು ಕಾಲೇಜುಗಳು ಸೇರಿ, ಪಟಿಯಾಲದ ಎನ್‌ಐಎಸ್‌ನಲ್ಲಿ ಡಿಪ್ಲೊಮಾ ಮುಗಿಸಿದ ಒಬ್ಬರನ್ನು ಒಂದೇ ಆಟಕ್ಕೆಂದು ಹಂಚಿಕೊಳ್ಳಬಹುದು. ಮೊದಲ ಆಟ ಹಾಕಿಯೇ ಆಗಬೇಕಿಲ್ಲ. ಅಂಕಣವೂ ಆಟಗಾರರೂ ಈಗಾಗಲೇ ಇರುವ ಕಬಡ್ಡಿಯಿಂದ ಶುರುಮಾಡಿದರೆ ಖರ್ಚು ಸಂಬಳದ್ದಷ್ಟೇ.