ಎರೆನಾಡಿನ ಮನೆಗೆ ಆರ್ಕಿಡ್ ಬಂದ ದಾರಿ

ಆರ್ಕಿಡ್ ಮಲೆನಾಡಿನ ಹೂ, ಆಳಂದ, ಅಫಜಲಪುರ, ಜೇವರ್ಗಿಯ ಬಿಸಿಲಿಗೆ ಅದು ಬಾಳದು ಎಂಬ ಮಾತನ್ನು ಸುಲಭವಾಗಿ ಒಪ್ಪಿಬಿಡುತ್ತೇವೆ. ಆದರೆ ಈ ಗಿಡ ಮರದಿಂದ ಮನೆಗಿಳಿದ ಚರಿತ್ರೆ ನೋಡಿದರೆ, ಬಿಸಿಲಿಗಿಂತ ಹೆಚ್ಚಾಗಿ ಅದನ್ನು ಕೊಂದದ್ದು ಉಸಿರುಗಟ್ಟಿಸುವ ಆರೈಕೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸಿರಿವಂತರು ಹಡಗಿನಲ್ಲಿ ತರಿಸಿದ ಗಿಡಗಳನ್ನು ಗಾಳಿಯಾಡದ, ಉಗಿ ತುಂಬಿದ ಗಾಜಿನ ಮನೆಗಳಲ್ಲಿ ಕೂಡಿಹಾಕಿದರು; ಲೆಕ್ಕವಿಲ್ಲದಷ್ಟು ಗಿಡಗಳು ಸತ್ತವು. 1830ರ ದಶಕದಲ್ಲಿ ಚಾಟ್ಸ್‌ವರ್ತ್ ತೋಟದ ಜೋಸೆಫ್ ಪ್ಯಾಕ್ಸ್‌ಟನ್ ಗಾಳಿಗೆ ದಾರಿ ಬಿಟ್ಟ ಮೇಲೆ ಗಿಡಗಳು ಚೇತರಿಸಿಕೊಂಡವು. ಆಮೇಲೂ ಉಳಿದ ತೊಡಕು ಬೀಜದ್ದು. ಧೂಳಿನಷ್ಟು ಸಣ್ಣದಾದ ಆ ಬೀಜದೊಳಗೆ ಆಹಾರವಿಲ್ಲ. ಕಾಡಿನಲ್ಲಿ ಶಿಲೀಂಧ್ರದ ನೆರವಿಲ್ಲದೆ ಅದು ಮೊಳೆಯದು. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಸಕ್ಕರೆ ಬೆರೆಸಿದ ಅಗರ್‌ನಲ್ಲಿ ಬೀಜ ಮೊಳೆಯಿಸುವ ವಿಧಾನ ಪ್ರಕಟಿಸಿದರು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಕುಡಿಯ ತುದಿಯ ಚೂರಿನಿಂದಲೇ ಗಿಡ ಎಬ್ಬಿಸುವ ದಾರಿ ತೋರಿಸಿದರು. ಸಿರಿವಂತರ ಸೊತ್ತು ನರ್ಸರಿಯ ಕುಂಡಕ್ಕೆ ಬಂದದ್ದು ಹೀಗೆ.

ನಮ್ಮ ಎರೆಮಣ್ಣು ತೇವ ಹಿಡಿದಿಟ್ಟುಕೊಂಡು ಹಿಂಗಾರಿ ಜೋಳವನ್ನು ಸಾಕುತ್ತದೆ. ಆರ್ಕಿಡ್‌ಗೆ ಕುತ್ತು ತರುವುದೂ ಅದೇ ಗುಣ. ಮರದ ಮೇಲೆ ಬೆಳೆಯುವ ಆರ್ಕಿಡ್‌ನ ಬೇರಿಗೆ ಸ್ಪಂಜಿನಂಥ ಹೊದಿಕೆಯಿದೆ. ಅದು ಬಿದ್ದ ನೀರನ್ನು ಥಟ್ಟನೆ ಹೀರಿ, ಮತ್ತೆ ಗಾಳಿಗೆ ಒಣಗಬೇಕು. ಆದ್ದರಿಂದ ಇದ್ದಿಲು, ತೆಂಗಿನ ಸಿಪ್ಪೆಯ ತುಂಡು ತುಂಬಿದ ತೂತಿನ ಕುಂಡವೇ ಇದಕ್ಕೆ ಹೊಲ. ನೀರಿಗೇ ಬರವಿರುವ ಸೀಮೆಗೆ ಈ ಶೋಕಿ ಏಕೆ ಎಂಬ ಆಕ್ಷೇಪಣೆ ಬರಬಹುದು. ಅಂಗಡಿಗಳಲ್ಲಿ ಸಿಗುವ ಫಲೆನಾಪ್ಸಿಸ್, ವಾಂಡಾ ಜಾತಿಗಳು ಪಾಪಾಸುಕಳ್ಳಿಯಂತೆ ರಾತ್ರಿ ಹೊತ್ತು ಎಲೆರಂಧ್ರ ತೆರೆದು, ಹಗಲು ಮುಚ್ಚಿ ನೀರು ಉಳಿಸುತ್ತವೆ. ವಾಂಡಾ ಎಂಬ ಹೆಸರೇ ಸಂಸ್ಕೃತದಿಂದ ಹೋದದ್ದು. ಅದರ ಒಂದು ಪ್ರಭೇದ ದಕ್ಷಿಣ ಭಾರತದ ಒಣ ಕಾಡುಗಳ ಮರಗಳ ಮೇಲೂ ಅರಳುತ್ತದೆ.

ಬೇಸಿಗೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು. ಉಷ್ಣಾಂಶ 40 ಡಿಗ್ರಿ ದಾಟಿ ಒಣಗಾಳಿ ಬೀಸಿದಾಗ ಫಲೆನಾಪ್ಸಿಸ್ ಬಾಡುವುದು ನಿಜ. ಅದಕ್ಕೆ ಉತ್ತರ ಹಳೆಯ ಮನೆಗಳಲ್ಲೇ ಇದೆ: ದಪ್ಪ ಗೋಡೆ, ಶಹಾಬಾದ್ ಕಲ್ಲಿನ ತಂಪು ನೆಲ, ಬೆಳಕು ಬರುವ ಆದರೆ ಬಿಸಿಲು ಬೀಳದ ಪಡಸಾಲೆ. ಬೋರ್‌ವೆಲ್‌ನ ಗಡಸು ನೀರು ಬೇರಿನ ಮೇಲೆ ಉಪ್ಪು ಕಟ್ಟಿಸುತ್ತದೆ; ಮಾಳಿಗೆಯ ಮಳೆನೀರು ಹಿಡಿದಿಟ್ಟು, ಬೆಳಿಗ್ಗೆ ಹನಿಸಬೇಕು. ಬೇರು ಬೆಳ್ಳಿಬಣ್ಣಕ್ಕೆ ತಿರುಗಿದಾಗ ನೀರು, ಹಸಿರಾಗಿದ್ದಾಗ ಬಿಡುವು: ಇಷ್ಟು ಕಲಿತರೆ ಅರ್ಧ ಕೆಲಸ ಮುಗಿದಂತೆ.

ಓದುಗರಲ್ಲಿ ಒಂದು ವಿನಂತಿ. ಕಾಡಿನ ಮರದಿಂದ ಕಿತ್ತ ಗಿಡವನ್ನು ಕೊಳ್ಳಬೇಡಿ. ಪ್ರಯೋಗಾಲಯದಲ್ಲಿ ಬೆಳೆಸಿದ ಸಸಿಯನ್ನೇ ಕೇಳಿ, ಮುಂಗಾರು ಹಿಡಿದ ಮೇಲೆ ಮನೆಗೆ ತನ್ನಿ.