ಪ್ಲಾನುಲಾ: ಪಾಠದಲ್ಲಿ ಬಿಟ್ಟುಹೋಗುವ ಒಂದು ಹಂತ

ಪ್ರೌಢಶಾಲೆಯ ಪ್ರಾಣಿ ವರ್ಗೀಕರಣ ಪಾಠದಲ್ಲಿ ಕುಟುಕುಕಣವಂತಗಳಿಗೆ, ಅಂದರೆ ನಿಡೇರಿಯಾ ವಂಶಕ್ಕೆ, ಸಿಗುವುದು ಕೆಲವೇ ನಿಮಿಷ. ಹೈಡ್ರಾದ ಚಿತ್ರ ಬರೆದು, ಲೋಳೆಮೀನು, ಹವಳ, ಕಡಲ ಹೂ ಎಂದು ಉದಾಹರಣೆ ಹೇಳಿ ನಾವು ಚಪ್ಪಟೆ ಹುಳುಗಳಿಗೆ ಹೋಗಿಬಿಡುತ್ತೇವೆ. ಆಗ ಮಕ್ಕಳ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ: ಬಂಡೆಗೆ ಅಂಟಿಕೊಂಡೇ ಬದುಕುವ ಹವಳ ಬೇರೆ ಬಂಡೆಗೆ ಹೋಗುವುದು ಹೇಗೆ? ಇದಕ್ಕೆ ಉತ್ತರ ಪ್ಲಾನುಲಾ ಎಂಬ ಡಿಂಬದಲ್ಲಿದೆ.

ಹೈಡ್ರಾವೊಂದನ್ನೇ ಮಾದರಿಯಾಗಿಟ್ಟು ಕಲಿಸಿದರೆ ಈ ಡಿಂಬ ಕಣ್ಣಿಗೆ ಬೀಳುವುದೇ ಇಲ್ಲ. ಹೈಡ್ರಾ ಸಿಹಿನೀರಿನ ಜೀವಿ. ಅದರ ಫಲಿತ ಅಂಡ ಗಟ್ಟಿ ಕವಚದೊಳಗೆ ಬೆಳೆದು ನೇರವಾಗಿ ಮರಿ ಹೈಡ್ರಾ ಆಗುತ್ತದೆ. ಈಜುವ ಡಿಂಬದ ಹಂತ ಅದಕ್ಕಿಲ್ಲ. ಆದರೆ ಕಡಲಿನಲ್ಲಿರುವ ಅದರ ಬಂಧುಗಳಲ್ಲಿ ಬಹುಪಾಲಿಗೆ ಈ ಹಂತವಿದೆ. ಆದ್ದರಿಂದ ಜೀವನಚಕ್ರ ವಿವರಿಸಲು ಚಂದ್ರ ಲೋಳೆಮೀನು, ಅಂದರೆ ಅರೀಲಿಯಾ, ಹೆಚ್ಚು ಸೂಕ್ತ.

ಪ್ಲಾನುಲಾದ ರಚನೆ

ಅರೀಲಿಯಾದಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಗಂಡು ನೀರಿಗೆ ಬಿಟ್ಟ ವೀರ್ಯಾಣುಗಳಿಂದ ಹೆಣ್ಣಿನ ಅಂಡಗಳು ಫಲಿತಗೊಳ್ಳುತ್ತವೆ. ಯುಗ್ಮಜ ವಿಭಜನೆಗೊಂಡು ತಾಯಿಯ ಬಾಯಿತೋಳುಗಳ ಮೇಲೆಯೇ ಪ್ಲಾನುಲಾ ಆಗಿ ಬೆಳೆದು, ಅನಂತರ ನೀರಿಗೆ ಇಳಿಯುತ್ತದೆ. ಅದರ ಉದ್ದ ಒಂದು ಮಿಲಿಮೀಟರಿಗಿಂತಲೂ ಬಹಳ ಕಡಿಮೆ. ಆಕಾರ ಉದ್ದನೆಯ ಕಡಲೆಬೀಜದಂತೆ. ದೇಹದಲ್ಲಿ ಇರುವುದು ಹೊರಪದರ, ಒಳಪದರ ಎಂಬ ಎರಡೇ ಪದರ. ಹೊರಪದರದ ತುಂಬ ಲೋಮಾಂಗಗಳಿದ್ದು, ಅವುಗಳ ಬಡಿತದಿಂದ ಅದು ತನ್ನ ಸುತ್ತ ತಾನೇ ಉರುಳುತ್ತಾ ಮುಂದೆ ಸಾಗುತ್ತದೆ. ಕರಬಳ್ಳಿಗಳಿಲ್ಲ. ಹೆಚ್ಚಿನ ಪ್ಲಾನುಲಾಗಳಿಗೆ ಬಾಯಿಯೂ ಇಲ್ಲ. ಅಂಡದಿಂದ ಬಂದ ಭಂಡಾರವೇ ಬುತ್ತಿ. ಬುತ್ತಿ ಮುಗಿಯುವ ಮೊದಲು ನೆಲೆ ಹುಡುಕಬೇಕು.

ತಕ್ಕ ಜಾಗ ಸಿಕ್ಕಾಗ ಪ್ಲಾನುಲಾ ತನ್ನ ಮುಂತುದಿಯಿಂದ ಅಂಟಿಕೊಳ್ಳುತ್ತದೆ. ಈಜುವಾಗ ಹಿಂದಿದ್ದ ತುದಿ ಈಗ ಮೇಲಾಗಿ, ಅಲ್ಲಿ ಬಾಯಿ ಮೂಡುತ್ತದೆ. ಸುತ್ತ ಕರಬಳ್ಳಿಗಳು ಬೆಳೆಯುತ್ತವೆ. ಇದೇ ಪಾಲಿಪ್. ಮುಂದೆ ಪಾಲಿಪ್‌ನ ದೇಹದಲ್ಲಿ ಅಡ್ಡ ಗೀರುಗಳು ಮೂಡಿ, ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುತ್ತದೆ. ಒಂದೊಂದು ತಟ್ಟೆಯೂ ಕಳಚಿ ಎಫೈರಾ ಎಂಬ ಮರಿ ಲೋಳೆಮೀನಾಗುತ್ತದೆ.

ವಿಜ್ಞಾನಿಯನ್ನೂ ಗೊಂದಲಗೊಳಿಸಿದ ಚಕ್ರ

ಈ ಹಂತಗಳು ಒಂದಕ್ಕೊಂದು ಎಷ್ಟು ಭಿನ್ನವೆಂದರೆ, ನಾರ್ವೆಯ ಪಾದ್ರಿ ಹಾಗೂ ಪ್ರಾಣಿಶಾಸ್ತ್ರಜ್ಞ ಮೈಕೆಲ್ ಸಾರ್ಸ್ 1829ರಲ್ಲಿ ಅಂಟಿಕೊಂಡ ಪಾಲಿಪನ್ನು ಸ್ಕೈಫಿಸ್ಟೋಮಾ ಎಂದೂ ತಟ್ಟೆಗಳಾದ ಹಂತವನ್ನು ಸ್ಟ್ರೋಬಿಲಾ ಎಂದೂ ಕರೆದು, ಅವೆರಡೂ ಬೇರೆ ಬೇರೆ ಪ್ರಾಣಿಗಳೆಂದು ವರ್ಣಿಸಿದರು. ವರ್ಷಗಟ್ಟಲೆ ಗಮನಿಸಿದ ಮೇಲೆ ಅವೆಲ್ಲವೂ ಒಂದೇ ಲೋಳೆಮೀನಿನ ಹಂತಗಳೆಂದು ಅವರೇ ತೋರಿಸಿಕೊಟ್ಟರು. ಹಾಗಿರುವಾಗ, ನಾಲ್ಕು ಬಾಣದ ಗುರುತುಗಳ ಚಿತ್ರವನ್ನು ಒಮ್ಮೆ ನೋಡಿದ ವಿದ್ಯಾರ್ಥಿ ಗೊಂದಲಗೊಂಡರೆ ಅದು ಅವನ ದಡ್ಡತನವಲ್ಲ.

ತರಗತಿಯಲ್ಲಿ ಬಳಸಬಹುದಾದ ಕ್ರಮ

ಮಕ್ಕಳ ಪೂರ್ವಜ್ಞಾನ ಚಿಟ್ಟೆಯ ಜೀವನಚಕ್ರ. ಅದರಿಂದಲೇ ಆರಂಭಿಸಿ, ವ್ಯತ್ಯಾಸವನ್ನು ಅವರಿಂದಲೇ ಹೇಳಿಸಬಹುದು. ಕಪ್ಪುಹಲಗೆಯ ಮೇಲೆ ಪ್ರತಿ ಹಂತದ ಚಿತ್ರದ ಕೆಳಗೂ ಮೂರು ಪ್ರಶ್ನೆ ಬರೆಯಬೇಕು: ಇದು ಚಲಿಸುತ್ತದೆಯೇ? ತಿನ್ನುತ್ತದೆಯೇ? ಇದರಿಂದ ಮುಂದಿನ ಹಂತದವು ಎಷ್ಟು ಆಗುತ್ತವೆ?

ಕಂಬಳಿಹುಳು ತಿನ್ನುತ್ತದೆ, ಚಿಟ್ಟೆ ಹಾರಿ ದೂರ ಹೋಗುತ್ತದೆ. ಪ್ಲಾನುಲಾ ತಿನ್ನದೆ ಈಜುತ್ತದೆ, ಪಾಲಿಪ್ ಕುಳಿತಲ್ಲೇ ತಿನ್ನುತ್ತದೆ. ಒಂದು ಕಂಬಳಿಹುಳುವಿನಿಂದ ಒಂದೇ ಚಿಟ್ಟೆ. ಒಂದು ಪ್ಲಾನುಲಾದಿಂದ ಒಂದು ಪಾಲಿಪ್, ಆದರೆ ಆ ಒಂದು ಪಾಲಿಪ್‌ನಿಂದ ಹಲವು ಲೋಳೆಮೀನುಗಳು. ಲೈಂಗಿಕ ಮತ್ತು ಅಲೈಂಗಿಕ ಸಂತಾನೋತ್ಪತ್ತಿ ಒಂದೇ ಚಕ್ರದಲ್ಲಿ ಹೇಗೆ ಸೇರಿವೆ ಎಂಬುದು ಈ ಮೂರನೆಯ ಪ್ರಶ್ನೆಯಿಂದ ತಾನಾಗಿಯೇ ತಿಳಿಯುತ್ತದೆ. ಜೇಡಿಮಣ್ಣಿನಲ್ಲಿ ಹಂತಗಳ ಮಾದರಿ ಮಾಡಿಸಿದರೆ ಪಾಠೋಪಕರಣಕ್ಕೆ ಖರ್ಚೂ ಇಲ್ಲ.

ಹವಳಕ್ಕೆ ಬಂದಾಗ ಚಕ್ರ ಇನ್ನೂ ಸರಳ. ಅದರಲ್ಲಿ ಲೋಳೆಮೀನಿನ ರೂಪವೇ ಇಲ್ಲ. ಪಾಲಿಪ್‌ನಿಂದ ಪ್ಲಾನುಲಾ, ಪ್ಲಾನುಲಾದಿಂದ ಪಾಲಿಪ್. ಹಾಗಾಗಿ ಹವಳ ತಾನಿದ್ದ ದಿಬ್ಬದಿಂದ ದೂರದ ಬಂಡೆಗೆ ಹೊಸದಾಗಿ ನೆಲೆಯೂರುವ ಮುಖ್ಯ ದಾರಿ ಈ ಡಿಂಬವೇ. ಹಲವು ಹವಳಗಳ ಪ್ಲಾನುಲಾಗಳು ಬಂಡೆಯ ಮೇಲಿನ ಸುಣ್ಣಭರಿತ ಕೆಂಪು ಪಾಚಿಯ ರಾಸಾಯನಿಕ ಸುಳಿವು ಹಿಡಿದು ಕೂರುತ್ತವೆ. ಬಂಡೆಯ ಮೇಲೆ ಹೂಳು ಕೂತರೆ ಅವಕ್ಕೆ ನೆಲೆ ಸಿಗದು. ಬಿಸಿಯೇರಿದ ನೀರಿನಿಂದ ಬಿಳಿಚಿ ಸತ್ತ ಹವಳ ದಿಬ್ಬ ಮತ್ತೆ ಚಿಗುರುವುದೂ ಬಹುಮಟ್ಟಿಗೆ ಹೊರಗಿನಿಂದ ಬಂದು ಕೂರುವ ಪ್ಲಾನುಲಾಗಳನ್ನೇ ಅವಲಂಬಿಸಿದೆ. ನಮ್ಮ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ ಎಂದು ಹೇಳಿದರೆ ಪಾಠ ಮಕ್ಕಳಿಗೆ ಹತ್ತಿರವಾಗುತ್ತದೆ.

ಮೌಲ್ಯಮಾಪನಕ್ಕೆ 'ಪ್ಲಾನುಲಾ ಎಂದರೇನು?' ಎಂಬ ಪ್ರಶ್ನೆ ಸಾಲದು. 'ಒಂದು ಕೊಲ್ಲಿಯಲ್ಲಿ ಪ್ಲಾನುಲಾಗಳೆಲ್ಲ ಸತ್ತರೂ ಮುಂದಿನ ವರ್ಷ ಅಲ್ಲಿ ಲೋಳೆಮೀನು ಕಾಣಬಹುದೇ? ಏಕೆ?' ಎಂದು ಕೇಳಿ ನೋಡಿ. ಮೊದಲೇ ಅಂಟಿಕೊಂಡಿರುವ ಪಾಲಿಪ್‌ಗಳನ್ನು ನೆನೆದು ಉತ್ತರಿಸುವ ವಿದ್ಯಾರ್ಥಿಗೆ ಚಕ್ರ ನಿಜವಾಗಿ ಅರ್ಥವಾಗಿದೆ.