ಕಣ್ಣಿಗೆ ಕಾಣದ ವಿಷ: ಹೊಸ ಅಕ್ವೇರಿಯಂನ ನೀರಿನ ಬಗ್ಗೆ ಒಂದಿಷ್ಟು

ಪೆರ್ನಾಲ್‌ಗೆ ಸಿಕ್ಕಿದ ಹಣವನ್ನು ಕೂಡಿಟ್ಟು ಮಕ್ಕಳು ಅಕ್ವೇರಿಯಂ ತರಿಸುವುದು ಈಗ ನಮ್ಮ ಮನೆಗಳಲ್ಲಿ ಹೊಸತೇನಲ್ಲ. ಗಾಜಿನ ತೊಟ್ಟಿ, ಬಣ್ಣದ ಕಲ್ಲು, ಗುಳ್ಳೆ ಬಿಡುವ ಪಂಪು, ಜೊತೆಗೆ ಏಳೆಂಟು ಮೀನು. ಎಲ್ಲವೂ ಒಂದೇ ದಿನ ಅಂಗಡಿಯಿಂದ ಬರುತ್ತವೆ. ಮೊದಲ ಮೂರು ದಿನ ಮನೆಮಂದಿಯೆಲ್ಲ ಅದರ ಮುಂದೆಯೇ. ಎರಡನೇ ವಾರದಲ್ಲಿ ಒಂದು ಮೀನು ತೇಲುತ್ತದೆ, ಮರುದಿನ ಇನ್ನೆರಡು. ತಿಂಗಳು ಮುಗಿಯುವಾಗ ಖಾಲಿ ತೊಟ್ಟಿ ಅಟ್ಟ ಸೇರುತ್ತದೆ. 'ಅಂಗಡಿಯವನು ರೋಗದ ಮೀನು ಕೊಟ್ಟ' ಎನ್ನುತ್ತಾರೆ ಕೆಲವರು. 'ನಮ್ಮ ಮನೆಗೆ ಮೀನು ಆಗಿಬರುವುದಿಲ್ಲ' ಎನ್ನುತ್ತಾರೆ ಇನ್ನು ಕೆಲವರು. ಎರಡನೆಯದು ಶಕುನದ ಮಾತು, ಅದಕ್ಕೆ ನಮ್ಮ ದೀನ್‌ನಲ್ಲಿ ಜಾಗವಿಲ್ಲ. ಮೊದಲನೆಯದು ಕೆಲವೊಮ್ಮೆ ನಿಜವಿರಬಹುದು. ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಮೀನನ್ನು ಕೊಂದದ್ದು ಅದು ಈಜುತ್ತಿದ್ದ ನೀರು.

ನೀರು ಕೆಟ್ಟಿದೆಯೇ ಎಂದು ತಿಳಿಯಲು ಬಣ್ಣ, ವಾಸನೆ, ರುಚಿ ಈ ಮೂರನ್ನು ನೋಡಬೇಕೆಂದು ಮದ್ರಸದಲ್ಲಿ ಕಲಿತಿದ್ದೇವೆ. ಶಾಫಿಈ ಮದ್‌ಹಬ್‌ನ ಪ್ರಕಾರ ಎರಡು ಕುಲ್ಲತ್, ಅಂದರೆ ಸುಮಾರು 200 ಲೀಟರಿಗಿಂತ ಕಡಿಮೆ ನೀರಿಗೆ ನಜಸ್ ಬಿದ್ದರೆ, ಈ ಮೂರರಲ್ಲಿ ಬದಲಾವಣೆ ಕಾಣದಿದ್ದರೂ ಅದು ಶುದ್ಧವಲ್ಲ. ಇದು ವುಝೂವಿಗೆ ಸಂಬಂಧಿಸಿದ ನಿಯಮ, ಮೀನಿನ ಆರೋಗ್ಯದ್ದಲ್ಲ. ಆದರೂ ಇಲ್ಲಿ ನೆನಪಿಸಲು ಕಾರಣವಿದೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ಹಿಡಿಯುವುದು ಹೆಚ್ಚೆಂದರೆ 50 ಲೀಟರ್. ಅಷ್ಟು ನೀರು ಬಹುಬೇಗ ಕೆಡುತ್ತದೆ, ಕೆಟ್ಟರೂ ಕನ್ನಡಿಯಂತೆ ತಿಳಿಯಾಗಿಯೇ ಕಾಣುತ್ತದೆ.

ಕೆಡಿಸುವ ವಸ್ತು ಅಮೋನಿಯಾ. ಮೀನು ಅದನ್ನು ಮುಖ್ಯವಾಗಿ ಕಿವಿರುಗಳ ಮೂಲಕ ಹೊರಬಿಡುತ್ತದೆ. ಉಳಿದ ಆಹಾರ ಕೊಳೆತಾಗಲೂ ಅದೇ ಉಂಟಾಗುತ್ತದೆ. ಕೆರೆ, ಹೊಳೆಗಳಲ್ಲಿ ನೀರು ಅಪಾರ, ಮೀನು ವಿರಳ. ಅಲ್ಲದೆ ಅಲ್ಲಿ ಕಲ್ಲು ಮಣ್ಣಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಬಳಿಕ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಕೂಡ ವಿಷವೇ. ಅದು ಮೀನಿನ ರಕ್ತವನ್ನು ಕಂದುಬಣ್ಣಕ್ಕೆ ತಿರುಗಿಸಿ, ಆಮ್ಲಜನಕ ಒಯ್ಯದಂತೆ ಮಾಡುತ್ತದೆ. ನೈಟ್ರೇಟ್‌ನಿಂದ ಅಷ್ಟು ಭಯವಿಲ್ಲ. ಎರಡನೇ ಹಂತದ ಕೆಲಸವನ್ನು ನೈಟ್ರೋಬ್ಯಾಕ್ಟರ್ ಮಾಡುತ್ತದೆಂದು ಹಳೆಯ ಪುಸ್ತಕಗಳಲ್ಲಿದೆ. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಅದನ್ನು ಮಾಡುವುದು ನೈಟ್ರೋಸ್ಪೈರಾ ಜಾತಿಯವು ಎಂದು 1998ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಅಲ್ಲಾಹನು ಬರಿಗಣ್ಣಿಗೆ ಕಾಣದ ಜೀವಿಗಳಿಗೂ ಎಂಥ ಹೊಣೆ ವಹಿಸಿದ್ದಾನೆ ನೋಡಿ!

ಹೊಸ ತೊಟ್ಟಿಯ ಸಮಸ್ಯೆ ಇರುವುದೇ ಇಲ್ಲಿ. ಅಲ್ಲಿ ಗಾಜು, ಕಲ್ಲು, ನೀರು ಎಲ್ಲ ಇವೆ. ಆದರೆ ಈ ಬ್ಯಾಕ್ಟೀರಿಯಾಗಳಿಲ್ಲ. ಫಿಲ್ಟರಿನ ಸ್ಪಂಜಿನಲ್ಲೂ ಕಲ್ಲಿನ ಮೇಲೂ ಅವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟರಲ್ಲಿ ಏಳೆಂಟು ಮೀನುಗಳ ಅಮೋನಿಯಾ ತೊಟ್ಟಿಯಲ್ಲಿ ತುಂಬಿರುತ್ತದೆ.

ನನ್ನ ತರಗತಿಯ ಹುಡುಗನೊಬ್ಬ ಒಮ್ಮೆ ಕಣ್ಣು ತುಂಬಿಕೊಂಡು ಕೇಳಿದ: 'ದಿನಾಲೂ ನೀರು ಪೂರ್ತಿ ಬದಲಿಸಿದೆ ಉಸ್ತಾದ್, ಸ್ಪಂಜನ್ನು ಸೋಪು ಹಾಕಿ ತೊಳೆದೆ, ಆದರೂ ಯಾಕೆ ಸತ್ತಿತು?' ಪ್ರೀತಿಯಿಂದಲೇ ಮಾಡಿದ್ದು, ಪಾಪ. ಆದರೆ ಸೋಪು ಬ್ಯಾಕ್ಟೀರಿಯಾಗಳನ್ನು ಪ್ರತಿದಿನ ನಾಶಮಾಡುತ್ತಿತ್ತು, ನಲ್ಲಿಯ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತಿತ್ತು. ಅವನಿಗೆ ನಾನು ಅಬೂ ಉಮೈರ್‌ರ ಕತೆ ಹೇಳಿದೆ. ಅನಸ್(ರ)ರ ಆ ಪುಟ್ಟ ತಮ್ಮ ಸಾಕಿದ್ದ ಹಕ್ಕಿ ಸತ್ತಾಗ, ಪ್ರವಾದಿ(ಸ)ರು ಆ ಮಗುವಿನ ಬಳಿ ಹಕ್ಕಿಯ ಸುದ್ದಿಯನ್ನು ಅಕ್ಕರೆಯಿಂದ ವಿಚಾರಿಸಿದ್ದರು. ಈ ಒಂದೇ ಹದೀಸಿನ ಪಾಠಗಳ ಕುರಿತು ಶಾಫಿಈ ವಿದ್ವಾಂಸ ಇಬ್ನುಲ್ ಖಾಸ್ ಪ್ರತ್ಯೇಕ ಪುಸ್ತಿಕೆ ಬರೆದಿದ್ದಾರೆ. ಮಕ್ಕಳು ಹಕ್ಕಿ ಸಾಕಬಹುದೆಂಬುದಕ್ಕೂ ಉಲಮಾಗಳು ಇದನ್ನು ಪುರಾವೆಯಾಗಿ ಉಲ್ಲೇಖಿಸುತ್ತಾರೆ. ಆದರೆ ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಸ್ತ್ರೀ ನರಕ ಪಾಲಾದ ಹದೀಸ್ ಕೂಡ ನಮ್ಮ ಮುಂದಿದೆ. ಕೂಡಿಹಾಕಿದ ಜೀವಿಯ ಹೊಣೆ ಕೂಡಿಹಾಕಿದವರದ್ದು. ಮೀನಿಗಂತೂ ನೀರೇ ಗಾಳಿ, ನೀರೇ ಮನೆ.

ಹಾಗಾದರೆ ಮಾಡಬೇಕಾದದ್ದೇನು? ತೊಟ್ಟಿಯನ್ನು ಮೊದಲು ತನ್ನಿ, ಮೀನನ್ನು ಆಮೇಲೆ. ನೀರು ತುಂಬಿಸಿ, ಫಿಲ್ಟರನ್ನು ಹಗಲಿರುಳು ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದರೆ ಅದು ಕೊಳೆತು ಬ್ಯಾಕ್ಟೀರಿಯಾಗಳಿಗೆ ಅಮೋನಿಯಾ ಒದಗಿಸುತ್ತದೆ. ಪರಿಚಯದವರ ಮನೆಯಲ್ಲಿ ಆರೋಗ್ಯವಂತ ಹಳೆಯ ತೊಟ್ಟಿಯಿದ್ದರೆ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಅದಕ್ಕಿಂತ ಒಳ್ಳೆಯ ಉಡುಗೊರೆ ಇಲ್ಲ, ಕಾಯುವ ದಿನಗಳೂ ಕಡಿಮೆಯಾಗುತ್ತವೆ. ಅಮೋನಿಯಾ, ನೈಟ್ರೈಟ್ ಅಳೆಯುವ ಹನಿ ಪರೀಕ್ಷೆಯ ಪೆಟ್ಟಿಗೆ ಸಿಗುತ್ತದೆ. ಪ್ಲಾಸ್ಟಿಕ್ ಕೋಟೆ, ಬಣ್ಣದ ದೀಪಗಳಿಗೆ ಸುರಿಯುವ ಹಣವನ್ನು ಇದಕ್ಕೆ ಹಾಕುವುದು ಲೇಸು. ಎರಡೂ ಸೊನ್ನೆ ತೋರಿಸಿ, ನೈಟ್ರೇಟ್ ಮಾತ್ರ ಕಾಣಿಸಿಕೊಂಡರೆ ತೊಟ್ಟಿ ಸಿದ್ಧವಾಯಿತೆಂದು ಅರ್ಥ. ಆಗಲೂ ಎರಡು ಮೂರು ಸಣ್ಣ ಮೀನುಗಳಿಂದಲೇ ಆರಂಭಿಸಿ. ಗೋಲ್ಡ್ ಫಿಶ್ ಅನ್ನು ದುಂಡು ಬಟ್ಟಲಿನಲ್ಲಿಡುವ ಪದ್ಧತಿ ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ಗೇಣುದ್ದ ಬೆಳೆದು ಹತ್ತು ವರ್ಷಕ್ಕೂ ಮೇಲೆ ಬದುಕಬಲ್ಲ ಮೀನದು.

ಈಗಾಗಲೇ ಮೀನು ಬಿಟ್ಟಾಗಿದ್ದರೆ? ಗಾಬರಿ ಬೇಡ. ಎರಡು ದಿನ ಆಹಾರ ನಿಲ್ಲಿಸಿ. ಅಮೋನಿಯಾ ಕಾಣಿಸಿದಾಗಲೆಲ್ಲ ಮೂರನೇ ಒಂದು ಭಾಗ ನೀರು ತೆಗೆದು ಕ್ಲೋರಿನ್ ಇಲ್ಲದ ನೀರು ತುಂಬಿಸಿ. ನೈಟ್ರೈಟ್ ಏರಿದರೆ ಹತ್ತು ಲೀಟರಿಗೆ ಒಂದು ಗ್ರಾಂನಷ್ಟು ಉಪ್ಪು ಕರಗಿಸಿ ಹಾಕಿದರೆ ಅದು ಮೀನಿನ ದೇಹದೊಳಗೆ ಸೇರುವುದು ಕಡಿಮೆಯಾಗುತ್ತದೆ. ಹೊಸ ತೊಟ್ಟಿಯ ನೀರು ಹಾಲು ಬೆರೆಸಿದಂತೆ ಮಸುಕಾದರೆ ಅದನ್ನೆಲ್ಲ ಚೆಲ್ಲಬೇಡಿ, ಕೆಲವು ದಿನಗಳಲ್ಲಿ ತಾನಾಗಿ ತಿಳಿಯಾಗುತ್ತದೆ. ಸ್ಪಂಜು ತೊಳೆಯಬೇಕಾದರೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ, ನಲ್ಲಿಯ ಕೆಳಗೆ ಹಿಡಿಯಬೇಡಿ. ಮುಂದೆ ವಾರಕ್ಕೊಮ್ಮೆ ಕಾಲುಭಾಗ ಬದಲಿಸುತ್ತಿದ್ದರೆ ಸಾಕು.

ನಿಮ್ಮ ಮನೆಗೆ ಯಾವ ನೀರು ಬರುತ್ತದೆ ಎಂಬುದೂ ಮುಖ್ಯ. ನಗರಸಭೆಯ ನೀರಾದರೆ ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಡಿ, ಕ್ಲೋರಿನ್ ಹಾರಿಹೋಗುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್ ಹನಿ ಬಳಸಬಹುದು. ನಮ್ಮ ಕರಾವಳಿಯ ಮುರಕಲ್ಲಿನ ಬಾವಿಗಳಲ್ಲಿ ಕ್ಲೋರಿನ್ ಇಲ್ಲ. ಆದರೆ ಆ ನೀರು ಹೆಚ್ಚಾಗಿ ಮೆದು, ತುಸು ಹುಳಿ. ಪಿಎಚ್ ತೀರಾ ಇಳಿದರೆ ಬ್ಯಾಕ್ಟೀರಿಯಾಗಳು ಮಂದವಾಗುತ್ತವೆ. ಘಟ್ಟದ ಮೇಲಿನ ಕೊಳವೆಬಾವಿಗಳ ಗಡಸು ನೀರಿನದ್ದು ಬೇರೆಯೇ ಸಮಸ್ಯೆ. ಪಿಎಚ್ 7ರಲ್ಲಿ ಇರುವುದಕ್ಕಿಂತ 8ರಲ್ಲಿ ಅಮೋನಿಯಾದ ವಿಷಕಾರಿ ಅಂಶ ಹೆಚ್ಚುಕಡಿಮೆ ಹತ್ತು ಪಟ್ಟು. ಬೇಸಿಗೆಯಲ್ಲಿ ಇನ್ನಷ್ಟು ಜಾಗ್ರತೆ ಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಅವು ಹಸಿದಿವೆಯೆಂದು ಮತ್ತಷ್ಟು ಆಹಾರ ಸುರಿಯಬೇಡಿ, ಮೊದಲು ನೀರನ್ನು ಪರೀಕ್ಷಿಸಿ.

ಆಹಾರದ್ದೇ ದೊಡ್ಡ ಕತೆ. ಮನೆಯಲ್ಲಿ ನಾಲ್ವರು ಮಕ್ಕಳಿದ್ದರೆ ನಾಲ್ವರೂ ಒಂದೊಂದು ಹಿಡಿ ಹಾಕುತ್ತಾರೆ, ಅಜ್ಜಿ ಬಂದಾಗ ಇನ್ನೊಂದು ಹಿಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೊಮ್ಮೆ ಸಾಕು. ಸರದಿ ಹಾಕಿಕೊಟ್ಟರೆ ಜಗಳವೂ ಇರುವುದಿಲ್ಲ. ರಜೆಯಲ್ಲಿ ವಾರದ ಮಟ್ಟಿಗೆ ತವರಿಗೆ ಹೋಗುವ ತಾಯಂದಿರು ಆಹಾರದ ಡಬ್ಬಿಯನ್ನು ಪಕ್ಕದ ಮನೆಯ ಮಕ್ಕಳ ಕೈಗೆ ಕೊಡದಿರುವುದೇ ಒಳಿತು. ಬೆಳೆದ, ಆರೋಗ್ಯವಂತ ಮೀನುಗಳು ಒಂದು ವಾರ ಉಪವಾಸ ಇರಬಲ್ಲವು. ಹೊರಡುವ ಹಿಂದಿನ ದಿನ ಕಾಲುಭಾಗ ನೀರು ಬದಲಿಸಿ, ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆದು, ಮೇನ್ ಸ್ವಿಚ್ ಆರಿಸುವ ಅಭ್ಯಾಸವಿದ್ದರೆ ಫಿಲ್ಟರಿನ ಪ್ಲಗ್ ನೆನಪಿಟ್ಟು ಹೊರಡಿ.